ನಮ್ಮ ಒಲೆಯ ಚರಿತ್ರೆ

ರಾಜ್ಯೋತ್ಸವದ ಸಂಚಿಕೆಯೆಂದ ಮೇಲೆ ಪುಲಕೇಶಿಯ ಪರಾಕ್ರಮ, ವಿಜಯನಗರದ ವೈಭವ, ಏಕೀಕರಣದ ಹೋರಾಟ ಇವುಗಳನ್ನು ಕುರಿತ ಲೇಖನಗಳು ಬರುವುದು ಸಹಜ, ಬರಬೇಕಾದುದೂ ಹೌದು. ನಾವು ಈ ಸಲ ಅಷ್ಟು ದೊಡ್ಡ ವಿಷಯಕ್ಕೆ ಕೈಹಾಕದೆ ಅಡಿಗೆಯ ಮನೆಯನ್ನು ಹೊಕ್ಕಿದ್ದೇವೆ. ಅರಸರ ಚರಿತ್ರೆಗೆ ಶಾಸನಗಳುಂಟು, ತಾಮ್ರಪಟಗಳುಂಟು. ನಮ್ಮ ತಾಯಂದಿರ ಒಲೆಯ ಚರಿತ್ರೆಗಾದರೋ ಅವರ ಕೈ ಮತ್ತು ನಮ್ಮ ನಾಲಗೆ ಇವೆರಡೇ ದಾಖಲೆ. ಆ ಕೈಗಳು ಒಂದೊಂದಾಗಿ ಇಲ್ಲವಾಗುತ್ತಿರುವಾಗ ಸುಮ್ಮನಿರುವುದು ಸರಿಯಲ್ಲವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ತಂದೆಯವರು ಧಾರವಾಡದ ಕಡೆಯಿಂದ ಮುಂಬಯಿಗೆ ಬಂದುದು ೧೯೫೧ರಲ್ಲಿ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಆದುದರಿಂದ ಅವರು ಪರಸ್ಥಳಕ್ಕೆ ಬಂದವರಲ್ಲ; ತಮ್ಮದೇ ರಾಜಧಾನಿಗೆ ಬಂದವರು. ೧೯೫೬ರ ನವೆಂಬರ್ ೧ರಂದು ಊರು ಮೈಸೂರು ರಾಜ್ಯಕ್ಕೆ ಸೇರಿತು, ನಾವು ಇಲ್ಲಿಯೇ ಉಳಿದೆವು. ಕುಳಿತಲ್ಲಿಯೇ ಹೊರನಾಡಿನವರಾದೆವು! ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ೧೯೭೩ರ ಹೊತ್ತಿಗೆ ನಮ್ಮ ಮನೆಯ ಮಕ್ಕಳು ಗ್ಯಾಲರಿಯಲ್ಲಿ ಮರಾಠಿ ಮಾತನಾಡಿ ಆಡುತ್ತಿದ್ದರು. ಆದರೆ ಉಣ್ಣಲು ಕರೆದಾಗ ಒಳಗೆ ಬಂದು ಕನ್ನಡದಲ್ಲಿಯೇ ಉಣ್ಣುತ್ತಿದ್ದರು.

ಗಂಡಸರು ಮೊದಲು ಒಂಟಿಯಾಗಿ ಬಂದರು. ಖಾನಾವಳಿಯ ಊಟ, ಗೆಳೆಯರೊಡನೆ ಹಂಚಿಕೊಂಡ ಖೋಲಿ, ವರ್ಷಕ್ಕೊಮ್ಮೆ ಊರು, ಇದು ಅವರ ಬಾಳು. ಕರಾವಳಿಯ ಹುಡುಗರು ಹಡಗಿನಲ್ಲಿಯೋ ಘಟ್ಟ ಹತ್ತಿಯೋ ಬಂದು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದರು. ಮಾಟುಂಗಾದಲ್ಲಿ ೧೯೪೨ರಲ್ಲಿ ಎ. ರಾಮನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳು ಎಷ್ಟು ಜನರಿಗೆ ತಾಯಿಯ ಕೈಯ ನೆನಪನ್ನು ಉಳಿಸಿಕೊಟ್ಟವೆಂಬುದನ್ನು ಬಲ್ಲವರೇ ಬಲ್ಲರು. ಅದು ಯುದ್ಧಕಾಲ. ಅದೇ ವರ್ಷ ಬರ್ಮಾ ಕೈಬಿಟ್ಟುದರಿಂದ ಅಲ್ಲಿಯ ಅಕ್ಕಿ ನಿಂತಿತು. ೧೯೪೩ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ರೇಶನ್ ಪದ್ಧತಿ ಜಾರಿಗೆ ಬಂದಿತು. ಅಂಥ ದಿನಗಳಲ್ಲಿ ಹೊಟ್ಟೆತುಂಬ ಅನ್ನ ಸಾರು ಬಡಿಸುವುದು ಸಣ್ಣ ಕೆಲಸವಾಗಿರಲಿಲ್ಲ.

ಈ ಗಂಡಸರ ಹೆಸರುಗಳು ಸಂಘಸಂಸ್ಥೆಗಳ ದಫ್ತರಗಳಲ್ಲಿವೆ. ಹಿಂದಿನಿಂದ ಬಂದು ಹತ್ತು ಅಡಿ ಖೋಲಿಯ ಮೂಲೆಯಲ್ಲಿ ಒಲೆ ಹೂಡಿದ ಹೆಂಗಸರ ಹೆಸರುಗಳು ಎಲ್ಲಿಯೂ ಇಲ್ಲ.

ನಮ್ಮ ಅವ್ವ ೧೯೫೪ರಲ್ಲಿ ಪುಣೆಯಲ್ಲಿ ಗಾಡಿ ಬದಲಿಸಿ ದಾದರಿನ ಚಾಳಿಗೆ ಬಂದಳು. ಜೊತೆಗೆ ಬಂದುದು ಒಂದು ಟ್ರಂಕು, ಜೋಳದ ಹಿಟ್ಟಿನ ಗಂಟು, ಗುರೆಳ್ಳು ಚಟ್ನಿಯ ಡಬ್ಬಿ, ಮಸಾಲಿ ಖಾರದ ಭರಣಿ. ಒರಳುಕಲ್ಲು ಬರಲಿಲ್ಲ. ಬಂದಿದ್ದರೂ ಎರಡನೆಯ ಮಜಲಿಯಲ್ಲಿ ಕುಟ್ಟುವಂತಿರಲಿಲ್ಲ. ಕೆಳಗಿನ ಮನೆಯವರು ಮೇಲೆ ಬಂದು ಜಗಳ ತೆಗೆಯುತ್ತಿದ್ದರು. ಬೆಳಗಿನ ನಾಲ್ಕಕ್ಕೆ ನಲ್ಲಿಯ ನೀರು, ಚಿಮಣಿ ಎಣ್ಣೆಯ ಸ್ಟೋವಿನ ಭರ್ರೆಂಬ ಸದ್ದು. ಅರೆಯುವುದು ಕಷ್ಟವಾದುದರಿಂದ ನಮ್ಮ ಮನೆಯಲ್ಲಿ ಪುಡಿಗಳು ಹೆಚ್ಚಿದವು. ಊರಿನಲ್ಲಿ ಬಿಸಿಯಾಗಿ ರುಬ್ಬಿ ಮಾಡುತ್ತಿದ್ದ ಎಷ್ಟೋ ಪದಾರ್ಥಗಳು ಇಲ್ಲಿ ಡಬ್ಬಿಯ ಪದಾರ್ಥಗಳಾದವು. ಮನೆಯ ರುಚಿಯನ್ನು ತಿದ್ದುವುದು ಬಾಯಿಯೊಂದೇ ಅಲ್ಲ, ಮನೆಯ ಅಳತೆಯೂ ತಿದ್ದುತ್ತದೆ.

ಪಕ್ಕದ ಖೋಲಿಯಲ್ಲಿ ಉಡುಪಿಯ ಕಡೆಯ ಸಂಸಾರವಿತ್ತು. ಮೊದಲ ವಾರದಲ್ಲಿಯೇ ಆ ಮನೆಯಾಕೆ ಬಾಗಿಲಿಗೆ ಬಂದು, “ಅಕ್ಕಾ, ನಾಲ್ಕು ಮೆಣಸು ಉಂಟಾ?” ಎಂದು ಕೇಳಿದಳು. ಅವ್ವ ಅಚ್ಚರಿಪಟ್ಟು, ಡಬ್ಬಿ ತೆಗೆದು, ನಾಲ್ಕೇ ನಾಲ್ಕು ಕರಿಮೆಣಸಿನ ಕಾಳುಗಳನ್ನು ಎಣಿಸಿ ಆಕೆಯ ಅಂಗೈಗೆ ಹಾಕಿದಳು. ಆಕೆ ಅವನ್ನು ನೋಡಿದಳು, ಅವ್ವನ ಮುಖ ನೋಡಿದಳು. ಕರಾವಳಿಯವರಿಗೆ ಮೆಣಸೆಂದರೆ ಒಣಮೆಣಸಿನಕಾಯಿ, ಕರಿಯ ಕಾಳು ಒಳ್ಳೆಮೆಣಸು ಎಂಬುದು ಗೊತ್ತಾದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ. ಆ ನಗೆಯಿಂದ ಹುಟ್ಟಿದ ಸ್ನೇಹ ನಲವತ್ತು ವರ್ಷ ಬಾಳಿತು.

ಈ ನಗೆಯ ಹಿಂದೆ ಐದುನೂರು ವರ್ಷಗಳ ಚರಿತ್ರೆಯಿದೆ. ಮೆಣಸು ನಮ್ಮ ಘಟ್ಟಗಳ ಬಳ್ಳಿ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದೇ ಕರೆದರು. ಕಾಯಿಮೆಣಸಾದರೋ ಅಮೆರಿಕ ಖಂಡದ ಗಿಡ. ೧೪೯೮ರ ಬಳಿಕ ಅದೇ ಪೋರ್ತುಗೀಜರ ಹಡಗುಗಳಲ್ಲಿ ನಮ್ಮ ತೀರಕ್ಕೆ ಬಂದದ್ದು. ಬಂದ ಅತಿಥಿ ಮನೆಯ ಯಜಮಾನನ ಹೆಸರನ್ನೇ ತನ್ನದಾಗಿಸಿಕೊಂಡಿತು. ಹಳೆಯ ಯಜಮಾನನು ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಿಕೊಂಡು ತನ್ನ ಗುರುತು ಹೇಳಿಕೊಳ್ಳಬೇಕಾಯಿತು. ಇಂದು ಕನ್ನಡಿಗರ ಹೆಮ್ಮೆಯ ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಖಾರ ಕಡಮೆ, ಬಣ್ಣ ಹೆಚ್ಚು. ಅದಿಲ್ಲದೆ ನಮ್ಮ ಸಾರಿಗೆ ಮುಖವೇ ಇಲ್ಲ. ಆದರೂ ಅದರ ಪೂರ್ವಜರು ಪರದೇಶಿಗಳೇ!

ಹಾಗಾದರೆ ಅದಕ್ಕೂ ಮೊದಲು ನಮ್ಮವರು ಏನು ಉಣ್ಣುತ್ತಿದ್ದರು? ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು ೧೦೨೫ರಲ್ಲಿ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದಗಳ ಜೊತೆಗೆ ಅಡಿಗೆಯ ಪ್ರಕರಣವೂ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ಅರೆದು, ಮೊಸರಿನ ತಿಳಿ, ಇಂಗು, ಜೀರಿಗೆ, ಕೊತ್ತಂಬರಿ, ಮೆಣಸು ಬೆರೆಸುವ ವಿಧಾನವನ್ನು ಅವನು ಹೇಳುತ್ತಾನೆ. ಕಲ್ಯಾಣದ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ದೋಸಕ, ಇಡ್ಡರಿಕಾ, ಮಂಡಕಗಳ ವರ್ಣನೆಯಿದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಕನ್ನಡ ಪದ್ಯಗ್ರಂಥವನ್ನೇ ಬರೆದು ಬದನೆಯನ್ನೂ ಹಲಸನ್ನೂ ಬಾಳೆಯನ್ನೂ ಬಗೆಬಗೆಯಾಗಿ ಬೇಯಿಸಿ ತೋರಿಸಿದನು. ಈ ಮೂವರ ಅಡಿಗೆಯಲ್ಲಿಯೂ ಮೆಣಸಿನಕಾಯಿಯಿಲ್ಲ, ಆಲೂಗಡ್ಡೆಯಿಲ್ಲ, ಟೊಮೇಟೊ ಇಲ್ಲ.

ಆ ಹಳೆಯ ಅಡಿಗೆ ಪೂರ್ತಿ ಸತ್ತುಹೋಯಿತೆಂದು ತಿಳಿಯಬಾರದು. ಶ್ರಾದ್ಧದ ದಿನ ಅನೇಕ ಮನೆಗಳಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳನ್ನು ತರುವುದಿಲ್ಲ. ಕರಿಮೆಣಸು, ಜೀರಿಗೆಯಲ್ಲಿಯೇ ಅಡಿಗೆ. ವರ್ಷವೆಲ್ಲ ಹೊಸ ರುಚಿಯನ್ನುಂಡವರು ಹಿರಿಯರನ್ನು ಕರೆಯುವ ಒಂದು ದಿನ ಹಿರಿಯರು ಬಲ್ಲ ರುಚಿಯನ್ನೇ ಬಡಿಸುತ್ತಾರೆ. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ?

ಅವ್ವನ ಅಡಿಗೆಯಲ್ಲಿ ನಮಗೆ ಮರೆಯಲಾಗದುದು ಹೋಳಿಗೆಯ ದಿನದ ಕಟ್ಟಿನ ಸಾರು. ಬರೆದಿಡುತ್ತೇವೆ, ಬೇಕಾದವರು ಮಾಡಿ ನೋಡಲಿ. ಅರ್ಧ ಸೇರು ಕಡಲೆಬೇಳೆಯನ್ನು ಧಾರಾಳ ನೀರಿನಲ್ಲಿ, ಬೆರಳಿಗೆ ಹಿಸುಕಿದರೆ ಒಡೆಯುವಂತೆ, ಆದರೆ ಕರಗಿಹೋಗದಂತೆ ಬೇಯಿಸಿ ಬಸಿಯಬೇಕು. ಬೇಳೆ ಬೆಲ್ಲ ಸೇರಿ ಹೂರಣವಾಗುತ್ತದೆ. ಬಸಿದ ನೀರೇ ಕಟ್ಟು. ಒಣಕೊಬ್ಬರಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಮೆಣಸು (ಧಾರವಾಡದ ಮೆಣಸು!), ಲವಂಗ, ದಾಲಚಿನ್ನಿ ಇವನ್ನು ಸ್ವಲ್ಪ ಎಣ್ಣೆಯಲ್ಲಿ ಹುರಿದು ಅರೆಯಬೇಕು. ಕಟ್ಟಿಗೆ ಲಿಂಬೆಹಣ್ಣಿನಷ್ಟು ಹುಣಸೆಯ ರಸ, ಅರೆದ ಮಸಾಲೆ, ಒಂದು ಚಮಚೆ ಮಸಾಲಿ ಖಾರ, ಉಪ್ಪು, ಕಡೆಗೆ ಒಂದು ಹಿಡಿ ಹೂರಣ ಕದಡಿ ಚೆನ್ನಾಗಿ ಕುದಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಮಾಡಿದ ದಿನಕ್ಕಿಂತ ಮರುದಿನ ಅದರ ರುಚಿ ಹೆಚ್ಚು.

ಒಂದು ಹೋಳಿಯ ದಿನ ಎದುರು ಖೋಲಿಯ ಮರಾಠಿ ಬಾಯಿಯವರಿಗೆ ಅವ್ವ ಇದನ್ನು ಕೊಟ್ಟಾಗ ಅವರು ಬಟ್ಟಲನ್ನು ಮೂಸಿ, “ಇದು ನಮ್ಮ ಕಟಾಚಿ ಆಮಟಿಯಲ್ಲವೇ!” ಎಂದರು. ಅವರು ಕೊಟ್ಟ ಬಟ್ಟಲಿನಲ್ಲಿಯೂ ಅದೇ. ಮಸಾಲೆ ಮಾತ್ರ ಬೇರೆ. ಪುಂಡಿಸೊಪ್ಪನ್ನು ಪೇಟೆಯಲ್ಲಿ ಹುಡುಕಿ ಸೋತಿದ್ದ ಅವ್ವನಿಗೆ ಅದು ಇಲ್ಲಿ ಅಂಬಾಡಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆಂದು ಹೇಳಿಕೊಟ್ಟವರೂ ಅವರೇ. ರಾಜ್ಯಗಳ ಗಡಿಯ ಬಗೆಗೆ ಸಭೆಗಳಲ್ಲಿ ವಾದವಿವಾದ ನಡೆದ ವರ್ಷಗಳಲ್ಲಿಯೂ ಈ ಬಟ್ಟಲುಗಳ ಓಡಾಟ ನಿಲ್ಲಲಿಲ್ಲ.

ಕಷ್ಟದ ದಿನಗಳೂ ಬಂದವು. ೧೯೭೨ರ ಬರಗಾಲದಲ್ಲಿ ಬಿಳಿಜೋಳ ಸಿಗದಾಯಿತು. ರೇಶನ್ ಅಂಗಡಿಯಲ್ಲಿ ಮಿಲೋ ಎಂಬ ಪರದೇಶದ ಕೆಂಪುಜೋಳ ಬಂದಿತು. ಅವ್ವ ಕುದಿಯುವ ಎಸರು ಹಾಕಿ ನಾದಿದಳು, ಉದ್ದಿನ ಹಿಟ್ಟು ಬೆರೆಸಿದಳು. ಆದರೂ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತಿತ್ತು. ಊರಿನಲ್ಲಿ ರೊಟ್ಟಿಗೆ ಹೆಸರಾದ ಕೈ ಅದು. ಅಂದು ಅವ್ವ ಗೋಡೆಯ ಕಡೆ ತಿರುಗಿ ಕಣ್ಣೊರಸಿಕೊಂಡುದನ್ನು ನಾವು ಕಂಡಿದ್ದೇವೆ. ಹರಿದ ರೊಟ್ಟಿಗಳನ್ನು ಮುರಿದು, ಒಗ್ಗರಣೆ ಹಾಕಿ, “ಇದು ಹೊಸಾ ಪದಾರ್ಥ, ತಿನ್ನರಿ” ಎಂದು ಬಡಿಸಿದಳು. ನಾವು ಹೆಚ್ಚು ಕೇಳಿ ಹಾಕಿಸಿಕೊಂಡೆವು.

ಮಸಾಲಿ ಖಾರ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಆಗುತ್ತಿತ್ತು. ಗ್ಯಾಲರಿಯಲ್ಲಿ ಮೆಣಸಿನಕಾಯಿ ಒಣಗಿಸಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೊಬ್ಬರಿ, ಮಸಾಲೆಗಳನ್ನು ಹುರಿದು, ಲಾಲಬಾಗದಲ್ಲಿ ಮಸಾಲೆ ಕುಟ್ಟಿಕೊಡುವ ಅಂಗಡಿಗೆ ಹೊತ್ತು, ಕುಟ್ಟಿ ಮುಗಿಯುವ ತನಕ ಸೀನುತ್ತ ಪಕ್ಕದಲ್ಲಿಯೇ ಕುಳಿತಿರುವಳು. ಅಳತೆ ಕೇಳಿದರೆ, “ಅಳತಿ ಏನ ಕೇಳತೀಯೋ, ಕೈಗೆ ಗೊತ್ತೈತಿ” ಎನ್ನುವಳು. ನಾವೂ ನಕ್ಕು ಸುಮ್ಮನಾಗುತ್ತಿದ್ದೆವು. ಅದೇ ನಮ್ಮ ತಪ್ಪು.

೧೯೯೮ರಲ್ಲಿ ಅವ್ವ ತೀರಿಕೊಂಡಳು. ಭರಣಿಯಲ್ಲಿ ಆ ವರ್ಷದ ಖಾರ ಅರ್ಧಕ್ಕಿತ್ತು. ಹಬ್ಬಕ್ಕೊಂದು ಚಿಟಿಕೆಯಂತೆ ಎರಡು ವರ್ಷ ಬಳಸಿದೆವು. ಬಣ್ಣ ಮಾಸಿತು, ವಾಸನೆ ಹಾರಿತು, ಕೊನೆಗೆ ಮುಗಿಯಿತು. ಆಮೇಲೆ ಅಕ್ಕತಂಗಿಯರು ಸೇರಿ ಮಾಡಿ ನೋಡಿದರು. ಎಲ್ಲವೂ ಇದೆ, ಒಂದು ಮಾತ್ರ ಇಲ್ಲ. ಅದು ಕಲ್ಲುಹೂವಿನ ಅಳತೆಯೆಂದು ಅಕ್ಕನ ವಾದ. ಉಳ್ಳಾಗಡ್ಡಿಯನ್ನು ಹುರಿಯುವ ಹದವೆಂದು ತಂಗಿಯ ವಾದ. ತೀರ್ಪು ಹೇಳಬೇಕಾದವಳು ಇಲ್ಲ. ಚಾವುಂಡರಾಯನು ಸಾವಿರ ವರ್ಷಗಳ ಹಿಂದೆ ಬರೆದಿಟ್ಟ ಉದ್ದಿನ ಹಿಟ್ಟಿನ ವಿಧಾನ ನಮಗೆ ಗೊತ್ತು, ಇಪ್ಪತ್ತಾರು ಗಜದಾಚೆ ಹೊಗೆಯಾಡುತ್ತಿದ್ದ ನಮ್ಮ ತಾಯಿಯ ಖಾರದ ವಿಧಾನ ಗೊತ್ತಿಲ್ಲ. ಬರೆದುದು ಉಳಿಯಿತು, ಬರೆಯದುದು ಹೋಯಿತು.

ಅಡಿಗೆ ಎಂದೂ ಇದ್ದಂತೆಯೇ ಇರಬೇಕೆಂದು ನಾವು ಹೇಳುವುದಿಲ್ಲ. ಮೆಣಸಿನಕಾಯಿಯ ಕತೆ ತಿಳಿದ ಮೇಲೆ ಹಾಗೆ ಹೇಳುವ ಬಾಯಿಯೂ ನಮಗಿಲ್ಲ. ಮೊಮ್ಮಕ್ಕಳು ತಮಗೆ ಬೇಕಾದಂತೆ ಬದಲಿಸಿಕೊಳ್ಳಲಿ. ಆದರೆ ಏನನ್ನು ಬದಲಿಸುತ್ತಿದ್ದೇವೆಂಬುದು ಅವರಿಗೆ ಗೊತ್ತಿರಲಿ.

ಆದುದರಿಂದ ನಮ್ಮ ಸಂಘದ ಕುಟುಂಬಗಳಲ್ಲಿ ಒಂದು ವಿನಂತಿ. ಬರುವ ರಾಜ್ಯೋತ್ಸವದೊಳಗೆ ಪ್ರತಿಯೊಂದು ಮನೆಯವರೂ ಒಂದೊಂದು ಪದಾರ್ಥವನ್ನು ಬರೆದುಕೊಡಬೇಕು. ಮಾಡುವಾಕೆಯ ಹೆಸರು, ಆಕೆಯ ತವರೂರು, ಯಾರಿಂದ ಕಲಿತಳೆಂಬುದು ಮೊದಲು ಬರಲಿ; ಅಡಿಗೆಯ ಮಾತು ಆಮೇಲೆ. ಅಜ್ಜಿಯೋ ಅತ್ತೆಯೋ ಮನೆಯಲ್ಲಿದ್ದರೆ ಈ ಭಾನುವಾರವೇ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. “ಕೈಗೆ ಗೊತ್ತು” ಎಂದರೆ ನಕ್ಕು ಎದ್ದುಬರಬೇಡಿರಿ. ಅವರು ಹಿಡಿ ತುಂಬಿದಾಗ ಅದನ್ನು ಬೋಗುಣಿಗೆ ಬೀಳಲು ಬಿಡದೆ ತಕ್ಕಡಿಗೆ ಹಾಕಿಸಿ, ತೂಕವನ್ನು ಬರೆದುಕೊಂಡು, ಆಮೇಲೆ ಒಲೆಯ ಮೇಲಿಡಲು ಹೇಳಿರಿ.