ತಾತ್ಕಾಲಿಕ ಅಂತ ಕಟ್ಟಿದ ಗೋಡೆ

ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಮನೆಮಂದಿಯ ಫೋಟೋ ತುಂಬಿ ಸರ್ವರ್ ಮಾಡೋದು ಒಂದು ಸಂಜೆಯ ಕೆಲಸ. ಮನೆಯೊಳಗೆ ಚೆನ್ನಾಗೇ ಓಡುತ್ತೆ. ಪರವೂರಿಂದ ತೆರೆಯೋಕೆ ಹೋದರೆ ಸಿಗಲ್ಲ. ಯಾಕೆ ಅಂತ ತಿಳಿಯೋಕೆ 1981ಕ್ಕೆ ಹೋಗಬೇಕು.

ಆ ವರ್ಷ ಗೊತ್ತಾದ ನಿಯಮದಲ್ಲಿ ಇಂಟರ್ನೆಟ್ ವಿಳಾಸಕ್ಕೆ 32 ಬಿಟ್, ಅಂದರೆ ಸುಮಾರು 429 ಕೋಟಿ ವಿಳಾಸ. ಪ್ರತಿ ಕಂಪ್ಯೂಟರಿಗೂ ತನ್ನದೇ ವಿಳಾಸ, ಯಾರು ಯಾರನ್ನಾದರೂ ನೇರ ಕರೆಯಬಹುದು ಅನ್ನೋದು ಲೆಕ್ಕ. ತೊಂಬತ್ತರ ದಶಕದಲ್ಲಿ ಇದು ಸಾಲದು ಅಂತ ಗೊತ್ತಾಯ್ತು. 1994ರ ಮೇನಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ 'ನ್ಯಾಟ್' ಉಪಾಯ ಬರೆದಿಟ್ಟರು: ಒಳಗಿನ ವಿಳಾಸಗಳನ್ನು ಗಡಿಯಲ್ಲಿ ಬದಲಿಸಿ, ಹೊರಗಿನ ಕೆಲವೇ ವಿಳಾಸಗಳಲ್ಲಿ ಕೆಲಸ ಸಾಗಿಸುವುದು. ಇದು ಸದ್ಯದ ಪರಿಹಾರ ಅಂತ ಅವರೇ ಹೇಳಿದ್ದರು. ನಮ್ಮ ರೂಟರಿನ 192.168 ಸರಣಿ ಖಾಸಗಿ ಬಳಕೆಗೆ ಮೀಸಲಾದದ್ದೂ ಅದೇ ವರ್ಷ.

ಒಳಗಿನಿಂದ ಕೇಳಿದ್ದು ವಾಪಸ್ ಬರುತ್ತೆ. ಹೊರಗಿನವರು ತಾವಾಗೇ ಬಂದರೆ ಯಾವ ಯಂತ್ರಕ್ಕೆ ಕಳಿಸಬೇಕು ಅಂತ ರೂಟರಿಗೆ ಗೊತ್ತಿರಲ್ಲ. ಕೊಡೋಕೂ ಬಲ್ಲ ಕಂಪ್ಯೂಟರು ಕೇಳೋದಕ್ಕಷ್ಟೇ ಉಳೀತು. ಪೋರ್ಟ್ ಫಾರ್ವರ್ಡಿಂಗ್ ಅನ್ನೋದು ಆ ಗೋಡೆಗೆ ಕೊರೆದ ಕಿಂಡಿ. ಹೊರವಿಳಾಸ 100.64ರಿಂದ 100.127ರೊಳಗಿದ್ದರೆ ಕಿಂಡಿಯೂ ದಂಡ; ಕಂಪನಿಯೇ ಹಲವು ಮನೆಗಳನ್ನು ಇನ್ನೊಂದು ಗೋಡೆ ಹಿಂದೆ ಕೂರಿಸಿರುತ್ತೆ.

128 ಬಿಟ್‌ನ ಐಪಿವಿ6 ನಿಯಮ ಬಂದದ್ದು 1995ರಲ್ಲೇ ಕಣ್ರೀ! ನಿಮ್ಮ ಕನೆಕ್ಷನ್ನಿನಲ್ಲಿ ಅದಿದ್ದರೆ ಸರ್ವರಿಗೆ ನೇರ ವಿಳಾಸ ಸಿಗುತ್ತೆ. ಫೈರ್‌ವಾಲ್ ಮಾತ್ರ ಮರೀಬೇಡಿ.