ತಗಡಿನ ಥೇಟರಿನ ಮ್ಯಾನೇಜರರು

ಈವೆಂಟ್ ಮ್ಯಾನೇಜ್‌ಮೆಂಟ್ ಕಲಿಸುವ ಕೋರ್ಸುಗಳ ಯಾವ ಕರಪತ್ರ ತೆಗೆದು ನೋಡಿದರೂ ಬೇಕಾದ ಕೌಶಲಗಳ ಪಟ್ಟಿ ಹೆಚ್ಚುಕಡಿಮೆ ಒಂದೇ: ಸಂವಹನ, ಸಮಯಪಾಲನೆ, ಬಜೆಟ್ಟು, ತಂಡ ಕಟ್ಟುವ ಗುಣ. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಓದಿದ ಹುಡುಗರಿಗೆ ಈ ಕಸುಬು ಮೊನ್ನೆ ಮೊನ್ನೆ ಮಹಾನಗರದ ಹೋಟೆಲುಗಳಲ್ಲಿ ಹುಟ್ಟಿತೇನೋ ಅನ್ನಿಸಿಬಿಡುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸುತ್ತಿನ ಮಂದಿಗೆ ಹಾಗೆ ಅನ್ನಿಸಬೇಕಾಗಿಲ್ಲ. ಅವರ ಅಜ್ಜಂದಿರ ಕಾಲದಿಂದಲೂ ಬನಶಂಕರಿ ಜಾತ್ರೆಯಲ್ಲಿ ಈ ಕೆಲಸ ಮಾಡುವವರು ತಗಡಿನ ಥೇಟರಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಅವರನ್ನು ಕಂಪನಿ ಮ್ಯಾನೇಜರ್ ಅನ್ನುತ್ತಿದ್ದರು. ಮಾಲೀಕರೇ ಮ್ಯಾನೇಜರರಾಗಿರುವುದೂ ಉಂಟು. ಅವರಿಗಿದ್ದ ಒಂದು ಕೌಶಲ ಈ ಕರಪತ್ರಗಳಲ್ಲಿ ಸಿಗುವುದಿಲ್ಲ. ನಷ್ಟವಾದರೆ ಯಾರ ಮುಂದೆ ನಿಂತು ಉತ್ತರ ಕೊಡಬೇಕು ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು.

ಮೊದಲು ಜಾತ್ರೆಯ ಮಾತು. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಹತ್ತಿರ ಬನಶಂಕರಿ ಗುಡಿ ಇದೆ. ಈಗಿನ ಗುಡಿಯನ್ನು 1750ರಲ್ಲಿ ಪರಶುರಾಮ ಆಗಳೆ ಎಂಬ ಮರಾಠಾ ಸರದಾರ ಕಟ್ಟಿಸಿದ. ದೇವಿಯ ಇತಿಹಾಸ ಅದಕ್ಕಿಂತ ಬಹಳ ಹಳೆಯದು, ಚಾಲುಕ್ಯರ ಕಾಲಕ್ಕೆ ಹೋಗುತ್ತದೆ. ತೇರು ಎಳೆಯುವುದು ಪುಷ್ಯ ಮಾಸದ ಹುಣ್ಣಿಮೆಗೆ, ಅಂದರೆ ಬನದ ಹುಣ್ಣಿಮೆಗೆ. ಆಮೇಲೆ ಜಾತ್ರೆ ಹತ್ತಿರ ಹತ್ತಿರ ಒಂದು ತಿಂಗಳು ನಡೆಯುತ್ತದೆ. ತಿಂಗಳುಗಟ್ಟಲೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಹೊಲದಲ್ಲಿದೆ. ಆ ಹೊತ್ತಿಗೆ ಮುಂಗಾರಿ ಪೀಕು ಮಾರಿ ರೈತರ ಕೈಯಲ್ಲಿ ನಾಲ್ಕು ದುಡ್ಡು ಓಡಾಡುತ್ತಿರುತ್ತದೆ. ಹಿಂಗಾರಿ ಜೋಳ ಇನ್ನೂ ಹೊಲದಲ್ಲಿ ನಿಂತಿರುತ್ತದೆ, ಸುಗ್ಗಿಗೆ ಹೊತ್ತಿದೆ. ದುಡ್ಡೂ ಇದೆ, ಪುರುಸೊತ್ತೂ ಇದೆ. ಮನೆ ಕಟ್ಟಿಸುವವರು ಬಾಗಿಲು ಚೌಕಟ್ಟು ಕೊಳ್ಳಲಿಕ್ಕೆ ಈ ಜಾತ್ರೆಗೇ ಬರುತ್ತಾರೆ. ದೊಡ್ಡ ಕಾರ್ಯಕ್ರಮಕ್ಕೆ ದಿನ ಗೊತ್ತುಮಾಡುವ ಕಲೆಯನ್ನು ಯಾರಾದರೂ ಕಲಿಯಬೇಕೆಂದರೆ ಮೊದಲು ಪಂಚಾಂಗವನ್ನೂ ಪೀಕಿನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಲಿ.

ಜಾತ್ರೆಯ ಒಳಗಿನ ಏರ್ಪಾಟು ಇನ್ನೂ ಕುತೂಹಲದ್ದು. ತೇರಿನ ಹಗ್ಗ ರೋಣ ತಾಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುತ್ತದೆ. ಪಲ್ಲೇದ ಹಬ್ಬಕ್ಕೆ ದೇವಿಗೆ 108 ಬಗೆಯ ಪಲ್ಲೆಗಳ ನೈವೇದ್ಯ ಆಗಬೇಕು. ಗುಡಿಯ ಹತ್ತಿರ ಬುಟ್ಟಿ ಇಳಿಸಿಕೊಂಡು ಕೂತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಜುಣಕ, ಕೆನೆಮೊಸರು ಬಡಿಸುತ್ತಾರೆ. ಈ ಎಲ್ಲವನ್ನೂ ಒಬ್ಬ ಕೂತು ಹಂಚಿಕೊಟ್ಟದ್ದಲ್ಲ. ಯಾವ ಊರು ಏನು ತರಬೇಕು, ಯಾರು ಎಲ್ಲಿ ಕೂಡಬೇಕು ಎಂಬುದು ರೂಢಿಯಲ್ಲೇ ಇದೆ. ಇಂಥ ರೂಢಿಯ ನಡುವೆ, ಹೊರಗಿನಿಂದ ತಗಡು, ಪರದೆ, ನಟ ನಟಿಯರನ್ನು ಲಾರಿಯಲ್ಲಿ ತುಂಬಿಕೊಂಡು ಬಂದು ಜಾಗ ಮಾಡಿಕೊಂಡವರು ನಾಟಕ ಕಂಪನಿಯವರು.

ಕಂಪನಿಗಳ ಕಥೆ ಈ ಸೀಮೆಗೆ ಬಹಳ ಹತ್ತಿರದ್ದು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಆಡಿಸಿದ್ದಕ್ಕೆ ನಮ್ಮ ಕರಾವಳಿಯ ಬಯಲಾಟದ ಮೇಳವೇ ಪ್ರೇರಣೆ. ಆಮೇಲೆ ಮರಾಠಿ ಕಂಪನಿಗಳೇ ಇತ್ತ ಬಂದು ಕನ್ನಡ ನಾಡಿನ ದುಡ್ಡು ಎಣಿಸಿಕೊಂಡು ಹೋಗತೊಡಗಿದವು. ಅದನ್ನು ಸಹಿಸದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ದಕ್ಷಿಣದಲ್ಲಿ 1884ಕ್ಕೆ ಗುಬ್ಬಿ ಕಂಪನಿ ಹುಟ್ಟಿತು. ಅದೇ ಸುಮಾರಿಗೆ ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರದ ಮೇಲೆ ಹಾಯ್ದು ಹೊಟಗಿಗೆ ರೈಲು ಬಂತು. ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಹೊತ್ತು ಊರೂರು ತಿರುಗುವವರಿಗೆ ರೈಲು ಎಷ್ಟು ದೊಡ್ಡ ಅನುಕೂಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಗರೂಡ ಸದಾಶಿವರಾಯರು, ವಾಮನರಾವ್ ಮಾಸ್ತರರು, ಏಣಗಿ ಬಾಳಪ್ಪನವರು ಈ ದಾರಿಯಲ್ಲಿ ಬಂದರು. ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು ಹೆಣ್ಣು ಪಾತ್ರ ಮಾಡಿ ಹೆಸರು ಗಳಿಸಿ, 1947ರಲ್ಲಿ ಕಲಾವೈಭವ ನಾಟ್ಯ ಸಂಘ ಕಟ್ಟಿ ದಶಕಗಟ್ಟಲೆ ನಡೆಸಿದರು. 2017ರಲ್ಲಿ ತೀರಿಕೊಂಡಾಗ ನೂರು ದಾಟಿದ್ದರು. ರಂಗದ ಮೇಲಿನ ಅವರ ಹಾಡು, ಅಭಿನಯದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಅಷ್ಟು ವರ್ಷ ಅಷ್ಟು ಮಂದಿಗೆ ಎರಡು ಹೊತ್ತು ಊಟ ಹಾಕಿದ ಮಾಲೀಕನ ಬಗ್ಗೆ ಬರೆದದ್ದು ಕಡಿಮೆ. ನಮ್ಮ ರಂಗಚರಿತ್ರೆ ಪರದೆಯ ಮುಂದಿನದನ್ನೇ ನೋಡಿದೆ ಎಂಬುದು ನನ್ನ ತಕರಾರು.

ಪರದೆಯ ಹಿಂದೆ ಏನಿರುತ್ತದೆ? ಜಾತ್ರೆಗೆ ಎಷ್ಟೋ ದಿನ ಮೊದಲೇ ಒಬ್ಬ ಬಂದು ಜಾಗ ನೋಡುತ್ತಾನೆ. ರಸ್ತೆಗೆ ಎಷ್ಟು ಹತ್ತಿರ, ಪಕ್ಕದ ಕಂಪನಿಯ ಮೈಕಿನ ಸದ್ದು ಎಷ್ಟು ಕೇಳುತ್ತದೆ, ನೆಲ ಸಮತಟ್ಟಿದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾನೆ. ಜಾಗದ ಬಾಡಿಗೆ, ಪೊಲೀಸರ ಪರವಾನಗಿ, ಒಂದು ಕಾಲಕ್ಕೆ ಗ್ಯಾಸ್‌ಬತ್ತಿ, ಈಗ ತಾತ್ಕಾಲಿಕ ಕರೆಂಟು. ಬೊಂಬು ನೆಟ್ಟು ತಗಡು ಬಿಗಿದು ಥೇಟರ್ ಎದ್ದ ಮೇಲೆ ನೆಲ ಎಷ್ಟು, ಕುರ್ಚಿ ಎಷ್ಟು, ಹೆಣ್ಣುಮಕ್ಕಳು ಕೂಡುವ ಜಾಗ ಎಲ್ಲಿ ಎಂಬ ಹಂಚಿಕೆ. ಬಾಗಿಲಲ್ಲಿ ನಿಲ್ಲುವವನು ನಂಬಿಕಸ್ಥ ಆಗಿರಬೇಕು. ಟಿಕೀಟು ಹರಿಯುವ ಕೈ ಸಡಿಲವಾದರೆ ಕಂಪನಿ ಸಡಿಲ. ಆ ದಿನದ ಕಲೆಕ್ಷನ್ ಎಣಿಸುವ ಹೊತ್ತಿಗೆ ಅಡಿಗೆಯವನು ಅಕ್ಕಿ ಮುಗಿಯಿತು ಅನ್ನುತ್ತಾನೆ, ಹಾಸ್ಯ ಪಾತ್ರದವನು ಮನೆಗೆ ಕಳಿಸಲು ಅಡ್ವಾನ್ಸ್ ಕೇಳುತ್ತಾನೆ, ನಾಯಕಿಗೆ ಜ್ವರ. ನಾಯಕಿಗೆ ಜ್ವರ ಬಂದರೂ ಆಟ ನಿಲ್ಲುವಂತಿಲ್ಲ. ಅದಕ್ಕೇ ಕಂಪನಿಯಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ಪಾತ್ರಗಳ ಮಾತು ಬಾಯಿಗೆ ಬರುತ್ತಿದ್ದವು. ಪ್ರಾಂಪ್ಟರ್ ಅಂತೂ ಇಡೀ ನಾಟಕವನ್ನೇ ನುಂಗಿಕೊಂಡಿರುತ್ತಿದ್ದ. ಈಗಿನವರು ಇದನ್ನು ಬದಲಿ ಯೋಜನೆ ಅನ್ನಬಹುದು.

ಬನಶಂಕರಿಯಲ್ಲಿ ದಿನಕ್ಕೆ ಮೂರು ನಾಲ್ಕು ಆಟ ಆಗುತ್ತವೆ, ಕಡೆಯದು ಬೆಳಗಿನ ಜಾವದವರೆಗೆ ನಡೆಯುತ್ತದೆ. ರಾತ್ರಿಯಿಡೀ ನಾಟಕ ನೋಡುವ ಹುಚ್ಚು ಜನಕ್ಕೆ ಇತ್ತೆಂಬುದು ನಿಜ. ಅದರ ಜೊತೆಗೆ ಇನ್ನೊಂದು ಸಂಗತಿಯೂ ಇದೆ. ಅಮೀನಗಡ, ಗುಳೇದಗುಡ್ಡದ ಕಡೆಯಿಂದ ದೇವಿಗೆ ಬಂದವರಿಗೆ ಕಡೆಯ ಬಸ್ಸು ತಪ್ಪಿದ ಮೇಲೆ ಪುಷ್ಯದ ಚಳಿಯಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಎಲ್ಲಿ ಹೋಗುವುದು? ಟಿಕೀಟು ತೆಗೆದರೆ ಬೆಚ್ಚಗೊಂದು ಜಾಗ, ಎಚ್ಚರವಿದ್ದಷ್ಟು ಹೊತ್ತು ನಾಟಕ, ಬೆಳಗಿಗೆ ಮೊದಲ ಬಸ್ಸು. ಆಟದ ವೇಳೆಯನ್ನು ಬಸ್ಸಿನ ವೇಳೆಗೆ ಹೊಂದಿಸಿದವನಿಗೆ ತನ್ನ ಪ್ರೇಕ್ಷಕ ಯಾರು, ಅವನ ಕಷ್ಟ ಏನು ಎಂಬುದು ಗೊತ್ತಿತ್ತು.

ಏನು ಆಡಬೇಕು ಎಂಬುದೂ ಅಷ್ಟೇ ಮುಖ್ಯ. ಕಂಪನಿಯಲ್ಲಿ ನಾಟಕ ಬರೆಯುವವರನ್ನು ಕವಿಗಳು ಅನ್ನುತ್ತಿದ್ದರು. ಹುನಗುಂದ ತಾಲೂಕಿನ ಸೂಳಿಬಾವಿಯ ಪಿ. ಬಿ. ಧುತ್ತರಗಿ ಅವರಲ್ಲಿ ದೊಡ್ಡ ಹೆಸರು. ಅವರ ‘ಮಲಮಗಳು’, ‘ಸಂಪತ್ತಿಗೆ ಸವಾಲ್’ ನಾಟಕಗಳು ಕಂಪನಿಯಿಂದ ಕಂಪನಿಗೆ ದಾಟಿದವು. ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಆಯಿತು. ಸಾಹುಕಾರನ ದರ್ಪ, ಬಡವನ ಸೆಟೆತ, ಅತ್ತಿಗೆ ಮೈದುನರ ಅಂತಃಕರಣ ಇವೆಲ್ಲ ನೆಲದ ಮೇಲೆ ಕೂತವರಿಗೆ ತಮ್ಮ ಮನೆಯ ಮಾತೇ ಆಗಿದ್ದವು. ಟಾಕೀಸು, ಆಮೇಲೆ ಟೀವಿ ಬಂದು ಪೈಪೋಟಿ ಹೆಚ್ಚಿದಂತೆ ಬೋರ್ಡಿನ ಮೇಲಿನ ಹೆಸರುಗಳು ಬದಲಾದವು. ದ್ವಂದ್ವಾರ್ಥದ ಹೆಸರು, ದ್ವಂದ್ವಾರ್ಥದ ಹಾಸ್ಯ. ಇದು ನನಗೆ ಹಿಡಿಸುವುದಿಲ್ಲ. ಕುಟುಂಬ ಸಮೇತ ಬಂದವರನ್ನು ಕಂಪನಿಗಳು ಕೈಯಾರೆ ದೂರ ಮಾಡಿಕೊಂಡವು ಎಂದೇ ನನ್ನ ಅನಿಸಿಕೆ. ಆದರೆ ಪಗಾರದ ದಿನ ಮೂವತ್ತು ಮಂದಿಯ ಮುಖ ನೋಡಬೇಕಾದ ಮಾಲೀಕನ ಎದುರು ಈ ಮಾತು ಹೇಳುವುದು ಅಷ್ಟು ಸುಲಭವಲ್ಲ.

ಒಡೆಯನೇ ಇಲ್ಲದ ಏರ್ಪಾಟು ನೋಡಬೇಕಾದರೆ ಬಾಗಲಕೋಟೆಯ ಹೋಳಿಗೆ ಹೋಗಬೇಕು. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ, ಹೀಗೆ ಓಣಿಗಳ ಹೆಸರಿನಲ್ಲೇ ಹಬ್ಬ ನಡೆಯುತ್ತದೆ. ಹಲಗಿ ಮಜಲು, ನಿಶಾನಿ, ಬಣ್ಣದ ಬ್ಯಾರಲ್ಲು ಹೇರಿದ ಬಂಡಿಗಳು. ಯಾವ ದಿನ ಯಾವ ಪೇಟೆಯ ಪಾಳಿ, ಯಾರ ಬಂಡಿ ಎಲ್ಲಿ ಹಾಯಬೇಕು, ಯಾರ ಮನೆಯ ಮಾನ ಮೊದಲು ಎಂಬುದರಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೆ ಬಣ್ಣದ ಜಾಗದಲ್ಲಿ ಜಗಳ. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಓಣಿಗಳು ಮುಳುಗಿ ಮಂದಿ ನವನಗರ ಸೇರಿದರೂ ಹೋಳಿಯ ಪಾಳಿ ಓಣಿಗಳ ಹೆಸರಿನಲ್ಲೇ ಉಳಿದಿದೆ. ಮಾನದ ಈ ಲೆಕ್ಕ ಓಣಿಯ ಹಿರಿಯರಿಗೆ ಬಾಯಿಪಾಠ. ಮಂತ್ರಿಗಳನ್ನು ವೇದಿಕೆಯ ಮೇಲೆ ಯಾವ ಕುರ್ಚಿಗೆ ಕೂರಿಸಬೇಕೆಂದು ತಲೆಕೆಡಿಸಿಕೊಳ್ಳುವ ಈಗಿನ ವ್ಯವಸ್ಥಾಪಕರಿಗೆ ಆ ಹಿರಿಯರ ಹತ್ತಿರ ಕಲಿಯುವುದು ಬಹಳ ಇದೆ.

ಇನ್ನು ನಷ್ಟದ ಸಂಗತಿ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಹೆಸರಿನಲ್ಲಿ ಸರಕಾರ ನಡೆಸುವ ಚಾಲುಕ್ಯ ಉತ್ಸವವೂ ದೊಡ್ಡ ಕಾರ್ಯಕ್ರಮವೇ. ಬರಗಾಲವೋ ಚುನಾವಣೆಯೋ ಅಡ್ಡ ಬಂದರೆ ಅದು ನಿಲ್ಲುತ್ತದೆ, ನಡುವೆ ಹಲವು ವರ್ಷ ನಡೆಯಲೂ ಇಲ್ಲ. ಊರ ಮಂದಿ ಬೇಸರ ಪಟ್ಟರು, ಪತ್ರಿಕೆಗಳಲ್ಲಿ ಬರೆದರು. ಅದು ನಿಂತದ್ದಕ್ಕೆ ಯಾವ ಅಧಿಕಾರಿಯ ಮನೆಯ ಒಲೆಯೂ ಆರಲಿಲ್ಲ. ಕೊರೋನಾ ಬಂದು ಬನಶಂಕರಿ ಜಾತ್ರೆಗೆ ತಡೆಬಿದ್ದಾಗ ಆದದ್ದು ಬೇರೆ. ವರ್ಷದ ಉಳಿದ ತಿಂಗಳುಗಳ ಸಾಲ ತೀರಿಸುವುದೇ ಈ ಒಂದು ತಿಂಗಳ ಕಲೆಕ್ಷನ್ನು. ಅದು ಕೈತಪ್ಪಿದರೆ ತಗಡಿನ ಬಾಡಿಗೆ, ಲಾರಿಯವನ ಬಾಕಿ, ಕಲಾವಿದರಿಗೆ ಕೊಡುವ ಮುಂಗಡ ಎಲ್ಲ ಹಾಗೇ ನಿಲ್ಲುತ್ತದೆ. ಕಿರಾಣಿ ಅಂಗಡಿಯವನು ಉದ್ರಿ ಕೊಡುವುದು ಕಂಪನಿಯ ಬೋರ್ಡು ನೋಡಿ ಅಲ್ಲ, ಹೋದ ವರ್ಷ ಹೇಳಿದ ದಿನಕ್ಕೆ ಬಾಕಿ ಮುಟ್ಟಿಸಿದ ಮನುಷ್ಯನನ್ನು ನೋಡಿ. ಕಲಾವಿದರು ಕಂಪನಿ ಬಿಟ್ಟು ಹೋಗದಿರುವುದೂ ಅದೇ ನಂಬಿಕೆಯ ಮೇಲೆ. ಹಾಗೆಂದು ಮಾಲೀಕರೆಲ್ಲ ಸತ್ಯಹರಿಶ್ಚಂದ್ರರು ಎಂದು ತಿಳಿಯಬೇಕಾಗಿಲ್ಲ. ಪಗಾರ ಮುಳುಗಿಸಿ ರಾತ್ರೋರಾತ್ರಿ ಗಂಟು ಕಟ್ಟಿದವರೂ ಇದ್ದರು. ಅಂಥವರಿಗೆ ಮರುವರ್ಷ ಬನಶಂಕರಿಯಲ್ಲಿ ಮುಖ ತೋರಿಸುವುದು ಕಷ್ಟವಾಗುತ್ತಿತ್ತು. ಬೀಳುವ ಪೆಟ್ಟಿನಲ್ಲಿ ಹೆಚ್ಚು ಪಾಲು ಯಾವಾಗಲೂ ನಟಿಯರದೇ. ಹೆಸರು ಕೆಡಿಸುವ ಮಾತುಗಳ ನಡುವೆ, ಮಕ್ಕಳನ್ನು ಕ್ಯಾಂಪಿನಿಂದ ಕ್ಯಾಂಪಿಗೆ ಹೊತ್ತು ತಿರುಗಿದವರು ಅವರು. 1958ರಲ್ಲಿ ಆರ್. ನಾಗರತ್ನಮ್ಮ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡು ಪಾತ್ರಗಳನ್ನೂ ತಾವೇ ಮಾಡಿ, ಕಲೆಕ್ಷನ್ ಪೆಟ್ಟಿಗೆಯನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡದ್ದರ ಬೆಲೆ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಜಾತ್ರೆಗಳ ಸಾಲಿನಲ್ಲಿ ಬನಶಂಕರಿ ಮೊದಲನೆಯದು ಮಾತ್ರ. ತೇರು ಎಳೆದು ಎರಡು ಮೂರು ದಿನಕ್ಕೆ ಕೊಪ್ಪಳದ ಗವಿಮಠದ ಜಾತ್ರೆ. ಎರಡಕ್ಕೂ ಹೋಗಬೇಕೆಂದರೆ ಕಂಪನಿಯನ್ನು ಎರಡು ಭಾಗ ಮಾಡಬೇಕು, ಇಲ್ಲವೇ ಒಂದನ್ನು ಕೈಬಿಡಬೇಕು. ಆಮೇಲೆ ಕೊಟ್ಟೂರಿನ ತೇರು, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆ. ಬನಶಂಕರಿಯಲ್ಲಿ ಕಡೆಯ ವಾರದ ಆಟಗಳು ಇನ್ನೂ ನಡೆಯುತ್ತಿರುವಾಗಲೇ ಮುಂದಿನ ಊರಿನ ಜಾಗ ಅಳೆಯಲು ಒಬ್ಬ ಬಸ್ಸು ಹತ್ತಿರುತ್ತಾನೆ, ಚೀಲದಲ್ಲಿ ಅಳತೆಯ ಟೇಪು, ಪರವಾನಗಿಯ ಅರ್ಜಿ ಮತ್ತು ಹೋದ ವರ್ಷ ಉಳಿದ ಹ್ಯಾಂಡ್‌ಬಿಲ್ಲುಗಳ ಒಂದು ಕಟ್ಟು.