ಕತ್ತಲಿಗೆ ಕಣ್ಣು ಬಿಟ್ಟ ಕ್ಯಾಮ್‌ಕಾರ್ಡರ್

ಕ್ಯಾಮ್‌ಕಾರ್ಡರಿನ ನಲವತ್ತು ವರ್ಷಗಳ ಚರಿತ್ರೆಯಲ್ಲಿ ಎರಡು ಹಂಬಲಗಳು ಒಂದನ್ನೊಂದು ಎಳೆದಾಡುತ್ತ ಬಂದಿವೆ. ಯಂತ್ರ ಚಿಕ್ಕದಾಗಬೇಕು ಎಂಬುದೊಂದು, ಮಂದ ಬೆಳಕಿನಲ್ಲೂ ಚಿತ್ರ ಮೂಡಬೇಕು ಎಂಬುದು ಇನ್ನೊಂದು. ಯಂತ್ರ ಕಿರಿದಾದಂತೆ ಸೆನ್ಸರ್ ಕುಗ್ಗುತ್ತದೆ, ಸೆನ್ಸರ್ ಕುಗ್ಗಿದಂತೆ ಅದು ಹಿಡಿಯುವ ಬೆಳಕೂ ಕಡಿಮೆಯಾಗುತ್ತದೆ. ರಾತ್ರಿ ಚಾರಣಕ್ಕೆ ಅಗ್ಗದ ಕ್ಯಾಮರಾ ಹುಡುಕುವವರ ತಲೆನೋವಿನ ಮೂಲ ಇದೇ.

1983ರಲ್ಲಿ ಸೋನಿಯ ಬೀಟಾಮೂವಿ ಕ್ಯಾಮರಾವನ್ನೂ ರೆಕಾರ್ಡರನ್ನೂ ಒಂದೇ ಪೆಟ್ಟಿಗೆಗೆ ತಂದಿತು. ಹೆಗಲ ಮೇಲಿಟ್ಟು ಚಿತ್ರೀಕರಿಸಬಹುದಿತ್ತು. ನೋಡಬೇಕೆಂದರೆ ಬೇರೆ ಯಂತ್ರ ಬೇಕಿತ್ತು. 1985ರಲ್ಲಿ 8 ಮಿಮೀ ಟೇಪಿನ ಹ್ಯಾಂಡಿಕ್ಯಾಮ್ ಬಂತು. 1989ರ ಟಿಆರ್55 ಮಾದರಿಯ ತೂಕ ಕೇವಲ 790 ಗ್ರಾಂ. ಪ್ರವಾಸಿಗರ ಕೈಗೆ ಕ್ಯಾಮರಾ ಬಂದದ್ದೇನೋ ನಿಜ, ಆದರೆ ಸೂರ್ಯ ಮುಳುಗಿದರೆ ಅದರ ಕೆಲಸವೂ ಮುಗಿಯುತ್ತಿತ್ತು. 1995ರಲ್ಲಿ ಡಿಜಿಟಲ್ ಟೇಪ್ ಬಂದು ಚಿತ್ರ ತಿಳಿಯಾಯಿತು. ಕತ್ತಲ ಸಮಸ್ಯೆ ಹಾಗೆಯೇ ಉಳಿಯಿತು.

1998ರ ಹೊತ್ತಿಗೆ ಅದಕ್ಕೊಂದು ಅಡ್ಡದಾರಿ ಸಿಕ್ಕಿತು. ಸೋನಿಯ ನೈಟ್‌ಶಾಟ್, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣ ಬೀರಿ ಗಾಢ ಕತ್ತಲಲ್ಲೂ ಹಸಿರು ಛಾಯೆಯ ಚಿತ್ರ ಕೊಡುತ್ತಿತ್ತು. ಹಗಲಲ್ಲಿ ಬಳಸಿದರೆ ತೆಳು ಬಟ್ಟೆಯಾಚೆಗೂ ಕಾಣಿಸುತ್ತದೆಂಬ ಗದ್ದಲವೆದ್ದು ಕಂಪನಿ ಅದನ್ನು ಮಾರ್ಪಡಿಸಬೇಕಾಯಿತು. ಇನ್ಫ್ರಾರೆಡ್ ದೀಪದ ಬೆಳಕು ಮುಟ್ಟುವುದು ಕೆಲವೇ ಮೀಟರ್ ದೂರ. ಬಣ್ಣವಿಲ್ಲ, ದೂರದ ಬೆಟ್ಟವಂತೂ ಇಲ್ಲವೇ ಇಲ್ಲ. ಇಂದು ಅಗ್ಗದ ದರಕ್ಕೆ ‘ನೈಟ್ ವಿಷನ್’ ಎಂದು ಮಾರುವ ಕ್ಯಾಮರಾಗಳಲ್ಲಿ ಹೆಚ್ಚಿನವು ಬಳಸುವುದು ಈ ಹಳೆಯ ಉಪಾಯವನ್ನೇ.

ನಿಜವಾದ ತಿರುವು 2009ರದು. ಅಲ್ಲಿಯವರೆಗೆ ಸೆನ್ಸರಿನ ತಂತಿಜಾಲ ಬೆಳಕು ಹಿಡಿಯುವ ಪದರದ ಮೇಲೆಯೇ ಹರಡಿಕೊಂಡು ಅಷ್ಟಿಷ್ಟು ಬೆಳಕನ್ನು ತಡೆಯುತ್ತಿತ್ತು. ಸೋನಿ ತನ್ನ ಎಕ್ಸ್‌ಮೋರ್ ಆರ್ ಸೆನ್ಸರಿನಲ್ಲಿ ತಂತಿಗಳನ್ನು ಹಿಂಬದಿಗೆ ತಳ್ಳಿತು. ಅದು ಮೊದಲು ಬಂದದ್ದು ಹ್ಯಾಂಡಿಕ್ಯಾಮಿನಲ್ಲಿ; ಆಮೇಲೆ ಮೊಬೈಲ್ ಫೋನುಗಳಿಗೂ ಇಳಿಯಿತು.

ಫೋನೇ ಕ್ಯಾಮ್‌ಕಾರ್ಡರಿನ ಮಾರುಕಟ್ಟೆಯನ್ನು ನುಂಗಿತು. ಸಿಸ್ಕೊ ಕಂಪನಿ 2009ರಲ್ಲಿ ಕೊಂಡ ಜೇಬಿನ ಕ್ಯಾಮರಾ ‘ಫ್ಲಿಪ್’ ಎರಡೇ ವರ್ಷದಲ್ಲಿ ಬಾಗಿಲು ಹಾಕಿತು. ಫೋನಿನ ನೈಟ್ ಮೋಡ್ ಸ್ಥಿರಚಿತ್ರಕ್ಕೆ ಹಲವು ಕ್ಷಣಗಳ ಬೆಳಕನ್ನು ಕೂಡಿಸುತ್ತದೆ. ವಿಡಿಯೊಗೆ ಅಷ್ಟು ಬಿಡುವಿಲ್ಲ: ಸೆಕೆಂಡಿಗೆ 25 ಚಿತ್ರವೆಂದರೆ ಒಂದೊಂದಕ್ಕೆ ಸಿಗುವುದು ಹೆಚ್ಚೆಂದರೆ 1/25 ಸೆಕೆಂಡ್. ಆದ್ದರಿಂದ ದೊಡ್ಡ ಸೆನ್ಸರಿಗೆ ಬೆಲೆ ಉಳಿಯಿತು. 2023ರಲ್ಲಿ ಡಿಜೆಐ ಕಂಪನಿಯ ಆಸ್ಮೊ ಪಾಕೆಟ್ 3 ಒಂದಿಂಚಿನ ಸೆನ್ಸರನ್ನು ಅಲುಗಾಟ ತಡೆಯುವ ಗಿಂಬಲ್ ಸಹಿತ ಅಂಗೈಗೆ ತಂದಿತು. ಹೆಸರಿಗೆ ಒಂದಿಂಚು, ಅಳತೆ 13.2 × 8.8 ಮಿಮೀ, ಆದರೂ ಸಣ್ಣ ಕ್ಯಾಮರಾಗಳ 1/2.3 ಇಂಚಿನ ಸೆನ್ಸರಿಗಿಂತ ವಿಸ್ತೀರ್ಣ ಸುಮಾರು ನಾಲ್ಕು ಪಟ್ಟು. ಅದೇ ಕಂಪನಿಯ, ಅದೇ ವರ್ಷದ ಆಕ್ಷನ್ ಕ್ಯಾಮರಾ ಆಸ್ಮೊ ಆಕ್ಷನ್ 4ರ 1/1.3 ಇಂಚಿನ ಸೆನ್ಸರ್ ಇವೆರಡರ ನಡುವಿನದು.

ಕೊಳ್ಳುವವರು ಮೊದಲು ಸೆನ್ಸರಿನ ಅಳತೆ, ಆಮೇಲೆ ಲೆನ್ಸಿನ ಎಫ್ ಸಂಖ್ಯೆ ನೋಡಬೇಕು. ಎಫ್2.8 ಲೆನ್ಸಿಗಿಂತ ಎಫ್1.8 ಸುಮಾರು ಎರಡೂವರೆ ಪಟ್ಟು ಬೆಳಕು ಬಿಡುತ್ತದೆ. ಜೂಮ್ ಮಾಡಿದರೆ ಈ ಲಾಭ ಹೆಚ್ಚಿನ ಕ್ಯಾಮರಾಗಳಲ್ಲಿ ಕರಗುತ್ತದೆ. ನಡೆಯುತ್ತ ಚಿತ್ರೀಕರಿಸುವುದಾದರೆ ಗಿಂಬಲ್ ಅಥವಾ ಆಪ್ಟಿಕಲ್ ಸ್ಥಿರತೆ ಬೇಕು. ಸಾಫ್ಟ್‌ವೇರ್ ಸ್ಥಿರತೆ ಕತ್ತಲಲ್ಲಿ ಚಿತ್ರವನ್ನು ಕಲಸುತ್ತದೆ. ಚಳಿಗೆ ಬ್ಯಾಟರಿ ಬೇಗ ಸೋಲುವುದರಿಂದ ಹೆಚ್ಚುವರಿ ಒಂದಿರಲಿ. ಮಳೆ, ಧೂಳು, ಬೀಳುವ ಭಯವಿದ್ದರೆ ಆಕ್ಷನ್ ಕ್ಯಾಮರಾ ವಾಸಿ.

ಸ್ಕಂದಗಿರಿಯಂಥ ಬೆಟ್ಟವನ್ನು ಸೂರ್ಯೋದಯಕ್ಕೆ ಮುನ್ನ ಹತ್ತುವವರಿಗೂ ಲೆಕ್ಕ ಇದೇ. ಕೈಯಲ್ಲಿ ಕಾಸು ಕಡಿಮೆಯಿದ್ದರೆ, 48 ಮೆಗಾಪಿಕ್ಸೆಲ್ ಎಂದು ಕೂಗುವ ಹೆಸರಿಲ್ಲದ ಹೊಸ ಕ್ಯಾಮರಾಕ್ಕಿಂತ, ದೊಡ್ಡ ಸೆನ್ಸರಿನ ಬಳಸಿದ ಕ್ಯಾಮರಾವನ್ನು ಪರೀಕ್ಷಿಸಿ ಕೊಳ್ಳುವುದೇ ಮೇಲು.